ಎಕ್ಸರೇ ಹಾಳೆಯ ಮೇಲಿನ ಗೆಲಾಕ್ಸಿ

ನಮ್ಮ ಓಣಿಯ ಮನೆಗಳಲ್ಲಿ ದೇವರ ಫೋಟೋ ಎಷ್ಟಿವೆಯೋ ಎದೆಯ ಫೋಟೋಗಳೂ ಅಷ್ಟೇ ಇವೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವವರ, ಪಾಲಿಶ್ ಹೊಡೆಯುವವರ ಓಣಿ ಇದು. ಗಂಡಸಿಗೆ ಕೆಮ್ಮು ಹಿಡಿದು ಎರಡು ತಿಂಗಳಾದರೆ ದವಾಖಾನೆಗೆ ಹೋಗುತ್ತಾನೆ. ಬರುವಾಗ ಕೈಯಲ್ಲಿ ದೊಡ್ಡ ಕಂದು ಲಕೋಟೆ ಇರುತ್ತದೆ. ಲಕೋಟೆ ಬಂದ ಮನೆಗೆ ಅಕ್ಕಪಕ್ಕದ ಹೆಂಗಸರು ಕರೆಯದೆಯೇ ಬರುತ್ತಾರೆ. ಬಾಗಿಲಲ್ಲಿ ನಿಂತು ಹಾಳೆಯನ್ನು ಬಿಸಿಲಿಗೆ ಹಿಡಿದು, ಎಡಕ್ಕೆ ಎಷ್ಟು ಬಿಳಿ ಚುಕ್ಕೆ, ಬಲಕ್ಕೆ ಎಷ್ಟು ಎಂದು ನೋಡುತ್ತಾರೆ. ತಮ್ಮ ಮನೆಯ ಹಾಳೆಯ ಜೊತೆ ಹೋಲಿಸುತ್ತಾರೆ. ಅಕ್ಷರ ಬಾರದವರೂ ಇಲ್ಲಿ ಎಕ್ಸರೇ ಓದುತ್ತಾರೆ. ಚುಕ್ಕೆ ಹೆಚ್ಚಾದಷ್ಟು ಮನುಷ್ಯ ಕಡಿಮೆಯಾಗುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು. ಆಮೇಲೆ ಆ ಹಾಳೆಗಳು ಟ್ರಂಕಿನ ತಳ ಸೇರುತ್ತವೆ. ಗ್ರಹಣ ನೋಡಲು ಒಮ್ಮೆ ಹೊರಗೆ ಬರುತ್ತವೆ. ಕೆಲವು ಮನೆಗಳಲ್ಲಿ ಒಡೆದ ಕಿಟಕಿಯ ಗಾಜಿನ ಜಾಗದಲ್ಲಿ ಕೂರುತ್ತವೆ.

ಇದನ್ನು ಬರೆಯುತ್ತಿರುವುದು ನಿನಗೆ, ನನ್ನ ದೊಡ್ಡ ಮೊಮ್ಮಗಳಿಗೆ. ನಿನ್ನ ತಮ್ಮನೂ ಓದಲಿ. ನನ್ನ ಗಂಡ, ನಿಮ್ಮ ಮುತ್ಯಾ, ತೀರಿಕೊಂಡಾಗ ಅವನು ತೀರ ಸಣ್ಣವನಿದ್ದ, ಅವನಿಗೆ ಮುತ್ಯಾನ ಮುಖವೂ ಸರಿಯಾಗಿ ನೆನಪಿಲ್ಲ.

ಹೋದ ತಿಂಗಳು ನೀನು ಕಲಬುರಗಿಯ ಹಾಸ್ಟೆಲಿನಿಂದ ಬಂದಾಗ ನಾನು ಪಡಸಾಲೆಯಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದೆ. ನೀನೂ ಎದುರಿಗೆ ಬಂದು ಕುಳಿತು ಮೊರಕ್ಕೆ ಕೈ ಹಾಕಿದೆ. ನಿನ್ನ ಹಳೆಯ ವಿಜ್ಞಾನದ ಮಾಸ್ತರರು ಬಜಾರಿನಲ್ಲಿ ಸಿಕ್ಕಿದ್ದರು, ಅಷ್ಟು ಚೆನ್ನಾಗಿ ಓದುತ್ತಿದ್ದ ಹುಡುಗಿ ಕಾಮರ್ಸ್ ಏಕೆ ತೆಗೆದುಕೊಂಡಳು ಎಂದು ಕೇಳಿದರು ಎಂದು ನಾನು ಸುಮ್ಮನೆ ಮಾತಿಗೆ ಹೇಳಿದೆ. ನೀನು ತಲೆ ಎತ್ತಲಿಲ್ಲ. ಕಲ್ಲು ಆರಿಸುತ್ತಲೇ ಹೇಳಿದೆ.

"ಆಯಿ, ಮುತ್ಯಾ ನನ್ನ ಮಾತು ಕೇಳಿ ಗುಳಿಗಿ ಬಿಟ್ಟ. ನಾ ಆ ಗೆಲಾಕ್ಸಿ ಮಾಡಿರಲಿಲ್ಲಂದ್ರ ಇನ್ನೂ ನಾಕು ವರ್ಷ ಇರ್ತಿದ್ದ. ಅದನ್ನ ಮತ್ತ ನಾ ಹ್ಯಾಂಗ ಓದಲಿ?"

ನಾನು ಏನು ಮಾಡಿದೆ ಎಂದು ನಿನಗೆ ನೆನಪಿರಬೇಕು. ಮೊರ ಎತ್ತಿಕೊಂಡು ಒಳಗೆ ಹೋದೆ. ಬೇಳೆ ಇನ್ನೂ ಅರ್ಧ ಉಳಿದಿತ್ತು. ನಾನು ತವರೂರು ದಂಡೋತಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಅಲ್ಲಿಯೂ ಹಾಗೆಯೇ ಇದ್ದೆ, ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಮುಖಕ್ಕೆ ಮುಖ ಕೊಟ್ಟು ಹೇಳಲು ನನಗೆ ಆಗುವುದಿಲ್ಲ. ಬರೆದರೆ ಆಗುತ್ತದೇನೋ ಎಂದು ನಿನ್ನ ತಮ್ಮನ ಹಳೆಯ ನೋಟುಬುಕ್ಕು ತೆಗೆದುಕೊಂಡಿದ್ದೇನೆ.

ಮೊದಲು ನಿನ್ನ ಮುತ್ಯಾನ ಕೆಲಸದ ಬಗ್ಗೆ ಹೇಳಬೇಕು. ಮದುವೆಯಾಗಿ ನಾನು ಈ ಓಣಿಗೆ ಬಂದಾಗ ಅವರು ಖಣಿಯಲ್ಲಿ ಸುತ್ತಿಗೆ, ಉಳಿ ಹಿಡಿದು ಕಲ್ಲಿನ ಪದರ ಎಬ್ಬಿಸುತ್ತಿದ್ದರು. ಆಮೇಲೆ ವಾಡಿಯ ರಸ್ತೆಯ ಒಂದು ಪಾಲಿಶ್ ಕಾರಖಾನೆಗೆ ಸೇರಿದರು. ಅಲ್ಲಿ ಮಷಿನ್ನಿನ ಗಾಲಿ ತಿರುಗುವಾಗ ಕಲ್ಲಿನ ಮೇಲೆ ನೀರು ಬಿಡುತ್ತಿರಬೇಕು. ನೀರು ಇದ್ದರೆ ಪುಡಿಯೆಲ್ಲ ರಾಡಿಯಾಗಿ ಕಾಲಡಿಗೆ ಹರಿದು ಹೋಗುತ್ತದೆ. ಬೇಸಿಗೆಯಲ್ಲಿ ಬೋರು ಬತ್ತಿದಾಗ ನೀರಿಲ್ಲದೆಯೇ ಕೊಯ್ಯುತ್ತಿದ್ದರು. ಆ ಮೂರು ನಾಲ್ಕು ತಿಂಗಳು ಅವರು ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಿರುತ್ತಿದ್ದವು. ಬಚ್ಚಲಲ್ಲಿ ಕುಳಿತು ತಲೆ ತೊಳೆದರೆ ನೀರು ಗಂಜಿಯಂತೆ ಹರಿಯುತ್ತಿತ್ತು. ಇಪ್ಪತ್ತೈದು ವರ್ಷದ ಹುಡುಗ ಮುದುಕನಾಗಿ ಬಂದ ನೋಡು ಎಂದು ನಮ್ಮ ಅತ್ತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೊರಗಿನದು ತೊಳೆದರೆ ಹೋಗುತ್ತಿತ್ತು. ಒಳಗೆ ಹೋದದ್ದರ ಬಗ್ಗೆ ನಾವು ಯಾರೂ ಯೋಚಿಸಲಿಲ್ಲ.

ಐವತ್ತು ದಾಟಿದ ಮೇಲೆ ದಮ್ಮು, ಏದುಸಿರು ಶುರುವಾಯಿತು. ಮೊದಲು ತೋರಿಸಿದ ಕಡೆ ಟಿ.ಬಿ. ಎಂದರು. ಕೆಂಪು ಗುಳಿಗೆಗಳನ್ನು ಕೊಟ್ಟರು. ಟಿ.ಬಿ. ಎಂದಾಗ ನಮಗೆ ದುಃಖವಾಗಲಿಲ್ಲ, ಸಮಾಧಾನವಾಯಿತು. ಇದು ನಿನಗೆ ವಿಚಿತ್ರ ಎನಿಸಬಹುದು. ನಮ್ಮ ಓಣಿಯಲ್ಲಿ ಟಿ.ಬಿ. ಎಂದರೆ ವಾಸಿಯಾಗುವ ಕಾಯಿಲೆ. ವಾಸಿಯಾಗದ್ದು ಕಲ್ಲಿನ ಕಾಯಿಲೆ. ಮುತ್ಯಾ ತಮ್ಮ ಗಂಗಾಳ, ತಂಬಿಗೆ ಬೇರೆ ಇಟ್ಟುಕೊಂಡರು, ನಿಮ್ಮನ್ನು ಹತ್ತಿರ ಸೇರಿಸಲಿಲ್ಲ, ಆರು ತಿಂಗಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಿದರು. ಆ ಗುಳಿಗೆ ತೆಗೆದುಕೊಂಡರೆ ಮೂತ್ರ ಕೆಂಪಗೆ ಹೋಗುತ್ತದೆ. ಹಾಗೆ ಹೋದರೆ ಔಷಧ ಕೆಲಸ ಮಾಡುತ್ತಿದೆ ಎಂದು ಅವರು ನಂಬಿದ್ದರು. ಆರು ತಿಂಗಳಾದರೂ ದಮ್ಮು ಇಳಿಯಲಿಲ್ಲ. ಇನ್ನೂ ಸ್ವಲ್ಪ ದಿನ ನುಂಗಿ ಎಂದರು. ನುಂಗಿದರು.

ಕೊನೆಗೆ ನಾನೇ ಅವರನ್ನು ಕಲಬುರಗಿಗೆ ಕರೆದುಕೊಂಡು ಹೋದೆ. ನಿನ್ನ ಅಪ್ಪನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಅಂದು ರಜೆ ಸಿಗಲಿಲ್ಲ. ಅಲ್ಲಿಯ ಡಾಕ್ಟರು ಹೊಸ ಎಕ್ಸರೇ ತೆಗೆಸಿದರು, ಕಫ ನೋಡಿದರು, ಮುತ್ಯಾ ಯಾವ ಕೆಲಸ ಮಾಡಿದರು, ಎಷ್ಟು ವರ್ಷ ಮಾಡಿದರು ಎಂದು ಕೇಳಿದರು. ಮುತ್ಯಾನಿಗೆ ನಡೆದು ಸಾಕಾಗಿತ್ತು, ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಡಾಕ್ಟರು ನನ್ನನ್ನು ಒಬ್ಬಳನ್ನೇ ಕರೆದು ಹೇಳಿದರು. ಕಫದಲ್ಲಿ ಟಿ.ಬಿ.ಯ ಹುಳ ಇಲ್ಲ. ಇದು ಕಲ್ಲಿನ ಪುಡಿ. ಒಳಗೆ ಕುಳಿತದ್ದು ಹೊರಗೆ ಬರುವುದಿಲ್ಲ, ಅದನ್ನು ತೆಗೆಯುವ ಔಷಧ ಇಲ್ಲ. ಆ ಗುಳಿಗೆಗಳನ್ನು ಇಂದಿನಿಂದ ನಿಲ್ಲಿಸಿ. ಧೂಳಿನಿಂದ ದೂರ ಇಡಿ. ಅವರಿಗೂ ತಿಳಿಸಿ ಹೇಳಿ.

ನಾನು ಹೊರಗೆ ಬಂದೆ. ಅವರು ಬೆಂಚಿನಿಂದ ಏಳದೆ ನನ್ನ ಮುಖ ನೋಡಿ, ಏನಂದರು ಎಂದರು. ಇನ್ನೂ ಒಂದಷ್ಟು ದಿನ ಗುಳಿಗೆ ತೆಗೆದುಕೊಳ್ಳಬೇಕಂತೆ ಎಂದೆ.

ಇಷ್ಟೇ ನನ್ನ ಸುಳ್ಳು. ಆ ಗಳಿಗೆಯಲ್ಲಿ ಯೋಚಿಸಿ ಹೇಳಿದ್ದಲ್ಲ. ಆದರೆ ಏಕೆ ಬಂತು ಎಂದು ನನಗೆ ಗೊತ್ತು. ಮುತ್ಯಾನ ಜೊತೆ ಒಂದೇ ಮಷಿನ್ನಿನಲ್ಲಿ ಎದುರುಬದುರು ನಿಂತು ಕೆಲಸ ಮಾಡಿದವರು ನಮ್ಮ ಮನೆಯಿಂದ ನಾಲ್ಕನೆಯ ಮನೆಯವರು. ಅವರಿಗೆ ಹಿಂದಿನ ವರ್ಷ ದವಾಖಾನೆಯಲ್ಲಿ ಇದೇ ಮಾತು ಹೇಳಿದ್ದರು. ಅವರು ಮನೆಗೆ ಬಂದು ಅಂಗಿ ಗೂಟಕ್ಕೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಮತ್ತೆ ಈ ಕಡೆ ಹೊರಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹೋದರು. ಹೇಳಬಾರದಿತ್ತು, ಹೇಳಿದ್ದಕ್ಕೇ ಹೋದರು ಎಂದು ಅವರ ಹೆಂಡತಿ ನನ್ನ ಹೆಗಲು ಹಿಡಿದು ಅತ್ತಿದ್ದಳು. ಬೆಂಚಿನ ಮುಂದೆ ನಿಂತಾಗ ನನಗೆ ಕಂಡದ್ದು ಆ ಗೋಡೆ.

ಬರುವಾಗ ಪ್ಯಾಸೆಂಜರ್ ಗಾಡಿಯಲ್ಲಿ ಅವರು ಬಹಳ ಖುಷಿಯಲ್ಲಿದ್ದರು. ಎದುರಿಗೆ ಕುಳಿತ ಅಪರಿಚಿತರಿಗೆ, ಇನ್ನು ಸ್ವಲ್ಪ ದಿನದ ಮಾತು, ಆಮೇಲೆ ಮಷಿನ್ ಬೇಡ, ಗೇಟಿನಲ್ಲಿ ವಾಚ್‌ಮನ್ ಆಗುತ್ತೇನೆ ಎಂದು ಹೇಳುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮರುದಿನ ಔಷಧಿ ಅಂಗಡಿಗೆ ಹೋಗಿ ಶಕ್ತಿ ಬರುವ ಗುಳಿಗೆ ಕೇಳಿದೆ. ಕೆಂಪು ಬಣ್ಣದವೇ ಬೇಕು ಎಂದೆ. ಅಂಗಡಿಯವನು ನನ್ನನ್ನು ಒಂಥರ ನೋಡಿ ಕೊಟ್ಟ. ಅವನ್ನು ಬಿಡಿಸಿ ಹಳೆಯ ಡಬ್ಬಿಗೆ ಹಾಕಿದೆ. ಅಂದಿನಿಂದ ದಿನಾ ಬೆಳಿಗ್ಗೆ ಅವನ್ನೇ ಕೊಟ್ಟೆ. ನಿನ್ನ ಅಪ್ಪನಿಗೆ ಹೇಳಲಿಲ್ಲ. ನಿನ್ನ ಅವ್ವನಿಗೂ ಹೇಳಲಿಲ್ಲ. ಓಣಿಯ ಹೆಂಗಸರು ಹೊಸ ಹಾಳೆ ನೋಡಲು ಬಂದಾಗ, ದವಾಖಾನೆಯವರೇ ಇಟ್ಟುಕೊಂಡರು ಎಂದೆ. ಅದು ಗೋಧಿ ಡಬ್ಬಿಯ ಹಿಂದೆ ಇತ್ತು.

ಹೀಗೆ ಒಂದು ವರ್ಷ ನಡೆಯಿತು. ಆಗ ನಿನ್ನ ಗೆಲಾಕ್ಸಿ ಬಂತು.

ನೀನು ಏಳನೆಯಲ್ಲಿದ್ದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಸ್ತರರು ಚೀಟಿ ಎತ್ತಿಸಿದ್ದರು. ಒಬ್ಬರಿಗೆ ಚಂದ್ರ ಬಂತು, ಒಬ್ಬರಿಗೆ ಧೂಮಕೇತು, ನಿನಗೆ ದೂರದ ಒಂದು ಗೆಲಾಕ್ಸಿ. ಅದಕ್ಕೆ ಹೆಸರೂ ಇರಲಿಲ್ಲ, ಬರೀ ಒಂದು ಅಂಕಿ ಇತ್ತು. ನೀನು ಮುಖ ಸಣ್ಣದು ಮಾಡಿಕೊಂಡು ಬಂದೆ. ಆಮೇಲೆ ಅಪ್ಪನ ಮೊಬೈಲಿನಲ್ಲಿ ಅದರ ಚಿತ್ರ ತೆರೆದು ನೋಡಿದ ಮೇಲೆ ಊಟಕ್ಕೂ ಏಳಲಿಲ್ಲ. ನನ್ನನ್ನು ಕರೆದು ತೋರಿಸಿದೆ. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಇಷ್ಟು ವರ್ಷಗಳಾದರೂ ನನಗೆ ಅದು ಕಣ್ಣಿಗೆ ಕಟ್ಟಿದಂತಿದೆ.

ಕಪ್ಪು ಬಯಲಿನಲ್ಲಿ ಒಂದು ದೊಡ್ಡ ಸುರುಳಿ. ಎಲ್ಲ ಸುರುಳಿಗಳ ಹಾಗೆ ಅದು ನಡುವಿನ ಚುಕ್ಕೆಯಿಂದ ಸುತ್ತಿಕೊಂಡು ಹೊರಗೆ ಬಂದಿರಲಿಲ್ಲ. ನಡುವೆ ಅಡ್ಡಲಾಗಿ ಬೆಳಕಿನ ಒಂದು ಪಟ್ಟಿ ಇತ್ತು, ಮನೆಯ ತೊಲೆ ಇದ್ದ ಹಾಗೆ ನೇರ. ಪಟ್ಟಿಯ ಈ ತುದಿಯಿಂದ ಒಂದು ತೋಳು, ಆ ತುದಿಯಿಂದ ಒಂದು ತೋಳು ಹೊರಟು, ಒಂದು ಮೇಲಕ್ಕೆ ಒಂದು ಕೆಳಕ್ಕೆ ಬಾಗಿ, ದೂರ ಹೋದಂತೆ ಸಡಿಲವಾಗಿ ಚದುರಿ ಹೋಗಿದ್ದವು. ಪಟ್ಟಿ ಹಳದಿ ಬಣ್ಣದ್ದು. ಅಲ್ಲಿರುವವು ಮುದಿ ನಕ್ಷತ್ರಗಳು, ಅದಕ್ಕೆ ಹಳದಿ ಎಂದೆ ನೀನು. ತೋಳುಗಳಲ್ಲಿ ನೀಲಿ ಚುಕ್ಕೆಗಳ ಗೊಂಚಲುಗಳು. ಅವು ಹೊಸವು, ಬಹಳ ಜೋರಾಗಿ ಉರಿಯುತ್ತವೆ, ಜೋರಾಗಿ ಉರಿಯುವುದರಿಂದ ಬೇಗ ಮುಗಿದು ಹೋಗುತ್ತವೆ. ಅಲ್ಲಲ್ಲಿ ಗುಲಾಬಿ ಬಣ್ಣದ ಮೋಡದ ತುಣುಕುಗಳು. ಅಲ್ಲಿ ನಕ್ಷತ್ರಗಳು ಹುಟ್ಟುತ್ತಿರುತ್ತವೆ. ಪಟ್ಟಿಯ ನಟ್ಟನಡುವೆ ಒಂದು ಸಣ್ಣ ಉಂಗುರ, ಎಲ್ಲಕ್ಕಿಂತ ಹೆಚ್ಚು ಬೆಳಕಿನದು. ಆಮೇಲೆ ನೀನು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಪಟ್ಟಿಯ ಎರಡು ಪಕ್ಕದಲ್ಲಿ ಹರಿದಿದ್ದ ಎರಡು ಕಪ್ಪು ಗೆರೆಗಳನ್ನು ತೋರಿಸಿದೆ. ಅವು ಖಾಲಿ ಜಾಗ ಅಲ್ಲ, ಧೂಳು. ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆದು ನಿಂತಿರುವುದರಿಂದ ಕಪ್ಪಾಗಿ ಕಾಣುತ್ತದೆ ಎಂದೆ.

ಅದು ಎಷ್ಟು ದೂರ ಎಂದು ನಾನು ಕೇಳಿದೆ. ಅಲ್ಲಿಂದ ಹೊರಟ ಬೆಳಕು ನಮ್ಮ ಕಣ್ಣಿಗೆ ಬರಲು ಕೋಟಿಗಟ್ಟಲೆ ವರ್ಷ ಬೇಕು ಎಂದೆ. ಅದು ಹೊರಟಾಗ ಕಾಗಿಣಾ ನದಿಯ ದಂಡೆಯಲ್ಲಿ ಮನುಷ್ಯರೇ ಇರಲಿಲ್ಲ. ನನ್ನ ಅಪ್ಪ ಆ ನದಿಯಲ್ಲಿ ಜನರನ್ನು ದಾಟಿಸುತ್ತಿದ್ದವನು. ಆ ದಂಡೆಯಿಂದ ಈ ದಂಡೆಗೆ ಕೂಗಿದರೆ ಮಾತು ತಡವಾಗಿ ಕೇಳುತ್ತಿತ್ತು ಎನ್ನುವುದಷ್ಟೇ ನನಗೆ ಗೊತ್ತಿದ್ದ ದೂರ.

ಮಾಡುವುದು ಹೇಗೆ ಎಂದು ನೀನು ಎರಡು ದಿನ ಯೋಚಿಸಿದೆ. ಕಪ್ಪು ಹಾಳೆಗೆ ತೂತು ಚುಚ್ಚಿ ಹಿಂದೆ ಬೆಳಕು ಹಿಡಿದರೆ ಚುಕ್ಕೆಗಳು ಹೊಳೆಯುತ್ತವೆ, ಆದರೆ ಕಾಗದ ಹರಿಯುತ್ತದೆ ಎಂದೆ. ಎಕ್ಸರೇ ಹಾಳೆ ಹರಿಯುವುದಿಲ್ಲ ಎಂದವಳು ನಾನು. ಟ್ರಂಕು ತೆಗೆದು ಮುತ್ಯಾನ ಎಲ್ಲಕ್ಕಿಂತ ಹಳೆಯ ಹಾಳೆಯನ್ನು ಕೊಟ್ಟವಳು ನಾನು. ಕೌದಿ ಹೊಲಿಯುವ ದಬ್ಬಣ ಕೊಟ್ಟವಳೂ ನಾನೇ. ಇದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ.

ನೀನು ಹಾಳೆಯನ್ನು ನೆಲದ ಮೇಲಿಟ್ಟು ಸುತ್ತ ತಿರುಗಿಸಿ ನೋಡಿದೆ. ಬೆನ್ನೆಲುಬು ನಡುವೆ ಬೆಳ್ಳಗೆ ಉದ್ದಕ್ಕೆ ಇತ್ತಲ್ಲ, ಹಾಳೆಯನ್ನು ಅಡ್ಡಕ್ಕೆ ಮಾಡಿದರೆ ಅದೇ ಗೆಲಾಕ್ಸಿಯ ಪಟ್ಟಿ ಎಂದೆ. ನಿನ್ನ ಬುದ್ಧಿಗೆ ನಾನು ಬೆರಗಾದೆ. ಪಕ್ಕೆಲುಬುಗಳು ಕಾಣದಂತೆ ಕಾಡಿಗೆ, ಎಣ್ಣೆ ಕಲಸಿ ಬಳಿದೆ. ಆದರೂ ಮಬ್ಬಾಗಿ ಕಾಣುತ್ತಿದ್ದವು. ಪಟ್ಟಿಯ ಎರಡು ತುದಿಯಿಂದ ತೋಳುಗಳನ್ನು ಸಾವಿರ ತೂತಿನಲ್ಲಿ ಚುಚ್ಚಿದೆ. ಹಿಂದೆ ಚಾಕಲೇಟಿನ ಗುಲಾಬಿ ಕಾಗದ, ನೀಲಿ ಕಾಗದ ಅಂಟಿಸಿದೆ. ಪಟ್ಟಿಯ ಪಕ್ಕದಲ್ಲಿ ಧೂಳಿನ ಎರಡು ಗೆರೆಗಳನ್ನು ದಪ್ಪನಾಗಿ ಕಾಡಿಗೆಯಲ್ಲೇ ಎಳೆದೆ. ಅದನ್ನು ಒಣಗಲು ಬಿಸಿಲು ಬೀಳುವ ಕಿಟಕಿಗೆ ಸಿಕ್ಕಿಸಿದೆ. ಆ ಕಿಟಕಿ ಮುತ್ಯಾನ ಮಂಚದ ಎದುರಿಗೆ ಇತ್ತು. ಮಧ್ಯಾಹ್ನ, ಅವರು ಮಲಗಿದ್ದರು.

ಅವರು ಆಗ ನೇರ ಮಲಗುತ್ತಿರಲಿಲ್ಲ, ಆಗುತ್ತಿರಲಿಲ್ಲ. ಮಡಿಸಿದ ಕೌದಿಗಳ ಮೇಲೆ ಬಲಮಗ್ಗುಲಿಗೆ ವಾಲಿ, ತಲೆ ಪೂರಾ ಅಡ್ಡ ಹಾಕಿ ನಿದ್ದೆ ಹೋಗುತ್ತಿದ್ದರು. ಕಣ್ಣು ತೆರೆದಾಗ ಅಡ್ಡ ಸಿಕ್ಕಿಸಿದ ಹಾಳೆ ಅವರಿಗೆ ನೆಟ್ಟಗೆ ಕಂಡಿತು. ನಡುವೆ ಬೆನ್ನೆಲುಬು, ಎರಡು ಪಕ್ಕದಲ್ಲಿ ಎದೆಗೂಡು, ಅದರ ತುಂಬ ಬಿಸಿಲಿಗೆ ಹೊಳೆಯುವ ಸಾವಿರ ಚುಕ್ಕೆಗಳು. ನಮ್ಮ ಓಣಿಯ ಗಂಡಸು ಇನ್ನೇನು ತಿಳಿದಾನು? ಅವರು ನನ್ನನ್ನು ಕೂಗಿದರು. ನಾನು ಒಲೆಯ ಮುಂದಿನಿಂದ ಓಡಿ ಬಂದೆ.

"ಇದನ್ನ ಯಾವಾಗ ತಂದಿ? ಇಷ್ಟು ಬೆಳದಾವ, ನನಗ ಯಾಕ ತೋರಿಸಲಿಲ್ಲ?"

ಗೋಧಿ ಡಬ್ಬಿಯ ಹಿಂದಿನ ಹಾಳೆ ಅವರಿಗೆ ಸಿಕ್ಕಿತು ಎಂದುಕೊಂಡೆ. ಅಷ್ಟರಲ್ಲಿ ನೀನು ಬಂದು, ಅವರ ಮುಖ ನೋಡಿ ನಕ್ಕೆ. ಮಕ್ಕಳ ನಗು, ಅದರಲ್ಲಿ ತಪ್ಪಿಲ್ಲ. ಮುತ್ಯಾ, ಇದು ನಿನ್ನ ಎದೆ ಅಲ್ಲ, ಗೆಲಾಕ್ಸಿ ಎಂದೆ. ಅವರ ಮಂಚದ ತುದಿಗೆ ಕುಳಿತು ಪ್ರದರ್ಶನದಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಪಟ್ಟಿ, ತೋಳು, ನೀಲಿ, ಗುಲಾಬಿ. ನಾವಿರುವ ಗೆಲಾಕ್ಸಿಯ ನಡುವೆಯೂ ಇಂಥದೇ ಪಟ್ಟಿ ಇದೆ, ಆದರೆ ನಾವು ಅದರ ಒಳಗೇ ಇರುವುದರಿಂದ ಅದರ ಪೂರ್ತಿ ರೂಪ ನಮಗೆ ಎಂದೂ ಕಾಣುವುದಿಲ್ಲ ಎಂದೆ. ಅವರು ಬಹಳ ಗಮನವಿಟ್ಟು ಕೇಳಿದರು. ಪಾಲಿಶ್ ಗಾಲಿ ತಿರುಗಿ ನಿಲ್ಲುವಾಗ ಕಲ್ಲಿನ ಮೇಲೆ ಬಿಳಿ ರಾಡಿ ಹೀಗೇ ಸುತ್ತಿಕೊಂಡು ನಿಲ್ಲುತ್ತದೆ, ನಡುವೆ ಗಾಲಿಯ ಪಟ್ಟಿ, ಎರಡು ಕಡೆ ಬಾಲ ಎಂದರು. ನಿನಗೆ ಅದು ಬಹಳ ಹಿಡಿಸಿತು. ಪ್ರದರ್ಶನದಲ್ಲಿ ಅದನ್ನೇ ಹೇಳುತ್ತೇನೆ ಎಂದೆ. ನಾನು ಒಲೆಯ ಕಡೆ ತಿರುಗಿದ್ದೆ.

ಆಗ ಅವರು ಆ ಎರಡು ಕಪ್ಪು ಗೆರೆಗಳೇನು ಎಂದು ಕೇಳಿದರು.

"ಅದು ಧೂಳ, ಮುತ್ಯಾ."

"ಅಲ್ಲಿಯೂ ಧೂಳ ಅದೇನು?"

"ಭಾಳ ಅದ. ತೋಳಿನಾಗಿನ ಧೂಳೆಲ್ಲ ಈ ಪಟ್ಟಿ ಹಿಡಕೊಂಡು ಒಳಗ ಇಳಿತದ. ಮಾಸ್ತರ್ ಹೇಳ್ಯಾರ."

"ಒಳಗ ಹೋದದ್ದು ಹೊರಗ ಹ್ಯಾಂಗ ಬರ್ತದ?"

ನೀನು ಸುಳ್ಳು ಹೇಳುವ ಮಗುವಲ್ಲ. "ಬರಂಗಿಲ್ಲ. ನಡುವ ಹೋಗಿ ಕುಂಡರ್ತದ," ಎಂದೆ.

ಕಲಬುರಗಿಯ ಡಾಕ್ಟರು ಹೇಳಿದ ಮಾತೇ. ಆ ಧೂಳಿನಿಂದಲೇ ಹೊಸ ನಕ್ಷತ್ರಗಳು ಆಗುತ್ತವೆ ಎಂದು ನೀನು ಆಮೇಲೆ ಹೇಳಿದೆ. ಅದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಜಾಣಿ ಇದ್ದಿ ಎಂದು ನಿನ್ನ ತಲೆ ಸವರಿ ಕಣ್ಣು ಮುಚ್ಚಿದರು.

ಮರುದಿನ ಬೆಳಿಗ್ಗೆ ನೀನು ಹಾಳೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಶಾಲೆಗೆ ಹೋಗುವ ಹೊತ್ತಿಗೆ ನಾನು ಗುಳಿಗೆ, ನೀರು ತಂದುಕೊಟ್ಟೆ. ಅವರು ಕೈಯಿಂದ ದೂಡಿದರು. ನೀನು ಬಾಗಿಲಲ್ಲಿ ನಿಂತು ನೋಡಿದೆ. ನೀನು ನೋಡಿದ್ದು ಅಷ್ಟೇ. ಅದರ ಮರುದಿನವೂ ದೂಡಿದರು, ಅದರ ಮರುದಿನವೂ. ನಿನ್ನ ಅವ್ವ ಬೇಡಿಕೊಂಡಳು, ಅಪ್ಪ ಸಿಟ್ಟು ಮಾಡಿದ. ಅವರು ಬಾಯಿ ತೆರೆಯಲಿಲ್ಲ. ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಹೋದರು. ಮಣ್ಣು ಕೊಟ್ಟು ಬಂದ ಮೇಲೆ ನಿನ್ನ ಅವ್ವ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು. ಗುಳಿಗೆ ನಿಲ್ಲಿಸಿದ್ದಕ್ಕೇ ಹೋದರು, ಚೆನ್ನಾಗಿ ತೆಗೆದುಕೊಳ್ಳುತ್ತಿದ್ದರು, ಅದೇನು ತಲೆಯಲ್ಲಿ ಹೊಕ್ಕಿತೋ ಎಂದು. ನೀನು ಮೂಲೆಯಲ್ಲಿ ಕುಳಿತು ಕೇಳುತ್ತಿದ್ದೆ. ತಲೆಯಲ್ಲಿ ಏನು ಹೊಕ್ಕಿತು ಎಂದು ನಿನಗೆ ಮಾತ್ರ ಗೊತ್ತು ಎಂದು ನೀನು ತಿಳಿದೆ.

ಈಗ ನಿನಗೆ ಗೊತ್ತಿಲ್ಲದ್ದು.

ಅವರು ಮೊದಲ ದಿನ ಗುಳಿಗೆ ದೂಡಿ, ನೀನು ಶಾಲೆಗೆ ಹೋದ ಮೇಲೆ, ನಿನ್ನ ಅವ್ವ ಖಾನಾವಳಿಗೆ ರೊಟ್ಟಿ ಬಡಿಯಲು ಹೋದ ಮೇಲೆ, ಮನೆಯಲ್ಲಿ ನಾವಿಬ್ಬರೇ ಉಳಿದೆವು. ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಅವರಿಗೆ ಮಾತು ಒಂದೇ ಉಸಿರಿಗೆ ಬರುತ್ತಿರಲಿಲ್ಲ. ಎರಡು ಶಬ್ದ, ಒಂದು ಉಸಿರು, ಹಾಗೆ ಹೇಳಿದರು.

"ಕಲಬುರಗಿಯಿಂದ ಬಂದ ಮೂರನೇ ದಿನಕ್ಕ ಗೊತ್ತಾತು. ಮೂತ್ರ ಕೆಂಪ ಹೋಗೋದು ನಿಂತಿತು. ಬಣ್ಣದ ಗುಳಿಗಿ ತಂದಿ, ಆದರ ಅದನ್ನ ಹ್ಯಾಂಗ ತರ್ತಿ ನೀನು?"

ಅವರು ನಕ್ಕರು. ನಕ್ಕರೆ ಕೆಮ್ಮು ಬರುತ್ತಿತ್ತು, ಬಂತು. ಒಂದು ವರ್ಷ ಅವರಿಗೆ ಗೊತ್ತಿತ್ತು. ನಾನು ನೊಂದುಕೊಳ್ಳಬಾರದು, ಅವರು ನಂಬಿದ್ದಾರೆ ಎಂದು ನಾನು ನಂಬಿಕೊಂಡಿರಲಿ ಎಂದು ದಿನಾ ಬೆಳಿಗ್ಗೆ ಆ ದಪ್ಪ ಗುಳಿಗೆಯನ್ನು ನುಂಗಿದ್ದರು. ಆ ಕೊನೆಯ ತಿಂಗಳುಗಳಲ್ಲಿ ಅವರಿಗೆ ಒಂದು ಗುಟುಕು ನೀರು ಇಳಿದರೂ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಗುಳಿಗೆ ನುಂಗಿದ ಮೇಲೆ ಅರ್ಧ ಗಂಟೆ ಗೋಡೆ ಹಿಡಿದು ಕುಳಿತಿರುತ್ತಿದ್ದರು. ಔಷಧದ ಜೋರು ಎಂದು ನಾನು ಮನೆಯವರಿಗೆಲ್ಲ ಹೇಳುತ್ತಿದ್ದೆ. ಯಾವ ಔಷಧ? ನಾನು ಪ್ರೀತಿಯಿಂದ ಕೊಟ್ಟದ್ದು ಅವರಿಗೆ ದಿನವೂ ಬೆಳಗಿನ ಶಿಕ್ಷೆಯಾಗಿತ್ತು. 

ಡಾಕ್ಟರು ಏನು ಹೇಳಿದರು ಎಂದು ನಿನ್ನ ಬಾಯಿಂದ ಒಮ್ಮೆ ಹೇಳು ಎಂದರು. ನಾನು ಏನೆಂದೆ ಗೊತ್ತೇ? ಟಿ.ಬಿ. ಎಂದೇ ಹೇಳಿದ್ದಾರೆ ಎಂದೆ. ಅಷ್ಟೆಲ್ಲ ತಿಳಿದ ಮೇಲೂ ಅದೇ ಸುಳ್ಳು. ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ, ಹಾಗೇ ಇರಲಿ, ಆದರೆ ಇನ್ನು ಗುಳಿಗೆ ಬೇಡ, ಗಂಟಲು ಸೋತಿದೆ ಎಂದರು. ಮಗನಿಗೆ ಹೇಳಬೇಡ, ನೀನು ಅವನಿಂದ ಮಾತು ಕೇಳುವುದು ನನಗೆ ಬೇಡ ಎಂದರು. ಅದಕ್ಕೇ ಅವರು ನಿನ್ನ ಅಪ್ಪ ಸಿಟ್ಟು ಮಾಡಿದಾಗಲೂ ಬಾಯಿ ತೆರೆಯಲಿಲ್ಲ. ನನ್ನನ್ನು ಕಾಯುತ್ತಿದ್ದರು.

ಕೊನೆಗೆ ನಿನ್ನ ಮಾತು ತೆಗೆದರು.

"ಆ ಕೂಸು ಬಾಗಿಲದಾಗ ನಿಂತು ನೋಡ್ಯಾದ. ತನ್ನ ಮಾತಿಗಿ ಬಿಟ್ಟಾನಂತ ತಿಳಕೊಂತದ. ಹಂಗಲ್ಲಂತ ಅದಕ್ಕ ನೀ ಹೇಳು. ಇದೊಂದು ಖರೆ ಹೇಳು."

ಹೇಳುತ್ತೇನೆ ಎಂದೆ. ಅವರ ಕೈಯ ಮೇಲೆ ಕೈ ಇಟ್ಟು ಹೇಳಿದೆ.

ಮೊದಲು, ಅವರು ಇದ್ದಾಗ ಹೇಳಿದರೆ ಮನೆಯಲ್ಲಿ ಗದ್ದಲವಾಗುತ್ತದೆ ಎಂದು ಬಿಟ್ಟೆ. ಹೋದ ಮೇಲೆ ದಿನಕರ್ಮ ಮುಗಿಯಲಿ ಎಂದೆ. ಆಮೇಲೆ ನೀನು ಆಟವಾಡುತ್ತಿದ್ದೆ, ನಗುತ್ತಿದ್ದೆ, ಮರೆತಿದ್ದಾಳೆ, ಏಕೆ ಕೆದಕಬೇಕು ಎಂದುಕೊಂಡೆ. ಪ್ರದರ್ಶನದಲ್ಲಿ ನಿನಗೆ ಬಹುಮಾನ ಬಂದಿತ್ತು, ಆ ಹಾಳೆಯನ್ನು ನೀನು ಮನೆಗೆ ತರಲೇ ಇಲ್ಲ. ಆಗಲೇ ನನಗೆ ತಿಳಿಯಬೇಕಿತ್ತು. ಆಮೇಲೆ ನೀನು ಎಂದೂ ಆಕಾಶದ ಮಾತು ಆಡಲಿಲ್ಲ. ಹತ್ತನೆಯಲ್ಲಿ ವಿಜ್ಞಾನಕ್ಕೆ ಅಷ್ಟು ಅಂಕ ಬಂದರೂ ಕಾಮರ್ಸ್ ಎಂದೆ. ನಾನು ನೋಡುತ್ತಲೇ ಇದ್ದೆ. ಹೇಳಿದರೆ ನನ್ನ ಸುಳ್ಳು ಹೊರಬರುತ್ತಿತ್ತು. ಸೊಸೆಯ ಎದುರು, ಮಗನ ಎದುರು ಗಂಡನಿಗೆ ಬಣ್ಣದ ಗುಳಿಗೆ ಕೊಟ್ಟವಳು ಎಂದು ಆಗುವುದು ನನಗೆ ಬೇಡವಾಗಿತ್ತು. ಆ ನಾಚಿಕೆಗೆ ನಿನ್ನ ಆರು ವರ್ಷ ಕೊಟ್ಟೆ. ನೀನು ಹನ್ನೆರಡರಿಂದ ಹದಿನೆಂಟರವರೆಗೆ ಮುತ್ಯಾನನ್ನು ಕೊಂದವಳು ಎಂದು ಬದುಕಿದೆ. ನಾನು ಅದೇ ಮನೆಯಲ್ಲಿ ರೊಟ್ಟಿ ತಿಂದುಕೊಂಡು ಇದ್ದೆ.

ಸರಿಯಾಗಿ ಓದು. ಮುತ್ಯಾನನ್ನು ಕ್ಷಯ ಕೊಲ್ಲಲಿಲ್ಲ, ಗುಳಿಗೆ ಬಿಟ್ಟದ್ದು ಕೊಲ್ಲಲಿಲ್ಲ. ಅವರು ಬಿಟ್ಟದ್ದು ಔಷಧವೇ ಅಲ್ಲ. ಬೇಸಿಗೆಯಲ್ಲಿ ನೀರಿಲ್ಲದೆ ಕೊಯ್ದ ಕಲ್ಲು ಅವರನ್ನು ಒಯ್ದಿತು. ನೀನು ಹೇಳಿದ್ದರಲ್ಲಿ ಅವರಿಗೆ ಹೊಸದೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಒಂದು ವರ್ಷದಲ್ಲಿ ಅವರಿಗೆ ನಿಜ ಹೇಳಿದವಳು ನೀನೊಬ್ಬಳೇ, ಅದೂ ಬೇರೆ ಯಾವುದೋ ಲೋಕದ ಬಗ್ಗೆ ಹೇಳುತ್ತ.

ಮೊನ್ನೆ ನಿನ್ನ ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲ ಹೊರಗೆ ನಿಂತು ಹೇಳಿದೆ. ಅವಳು ಮಧ್ಯದಲ್ಲಿ ತಡೆಯಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಒಂದೇ ಕೇಳಿದಳು.

"ಗುಳಿಗಿ ಬಿಟ್ಟಿದ್ದಕ್ಕ ಹೋದರು ಅಂತ ನಾ ಎಷ್ಟು ಸಲ ಅಂದೀನಿ, ಅತ್ತಿ. ಆ ಕೂಸಿನ ಮುಂದೇ ಅಂದೀನಿ. ನೀವು ಬಾಜೂಕ ಕುಂತು ಕೇಳಿದ್ರಲ್ಲ?"

ಅವಳು ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ತಾಟು ಮುಂದಿಟ್ಟು ಹೋಗುತ್ತಾಳೆ. ಅವಳು ಮಾಡುತ್ತಿರುವುದು ತಪ್ಪಲ್ಲ. ನಿನ್ನ ಅಪ್ಪನಿಗೆ ಅವಳು ಹೇಳಿರಬೇಕು. ಅವನು ಎರಡು ದಿನದಿಂದ ಡ್ಯೂಟಿಯಿಂದ ಬಂದವನು ಅಂಗಳದಲ್ಲೇ ಕುಳಿತಿರುತ್ತಾನೆ, ಒಳಗೆ ಬರುವುದಿಲ್ಲ.

ನಿನ್ನೆ ಅವಳು ನಿನಗೆ ಫೋನು ಮಾಡಿದ್ದು ನನಗೆ ಕೇಳಿಸಿತು. ಶನಿವಾರ ಬಾ ಎಂದಳು. ಏಕೆ ಎಂದು ನೀನು ಕೇಳಿರಬೇಕು. ಆಯಿ ಕರೆಯುತ್ತಿದ್ದಾಳೆ ಎಂದಷ್ಟೇ ಹೇಳಿ ಫೋನು ಇಟ್ಟಳು. ಉಳಿದದ್ದನ್ನು ಹೇಳುವ ಕೆಲಸ ನನಗೇ ಬಿಟ್ಟಿದ್ದಾಳೆ.